ಗಾಳಿ ಸ್ಕ್ರೂ

ಸುಗೆಂಗ್ ಹುಲ್ಲಿನ ಹೊರೆಯ ಸಮೇತ ಬೈಕಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡದ್ದು ಒಂದು ಮಂಗಳವಾರ. ಬುಧವಾರ ಬೆಳಿಗ್ಗೆ ಅವರ ಮನೆಯ ನಾಲ್ಕು ಹಸುಗಳಿಗೆ ಎಂದಿನಂತೆಯೇ ಹಸಿವಾಯಿತು.

ನಾನು ಪಕ್ಕದ ಮನೆಯವಳು. ನಡುವೆ ಇರುವುದು ಒಂದು ಬಿದಿರಿನ ತಟ್ಟಿ. ಅವರು ಸಾಂಬಲ್ ಚಟ್ನಿಗೆ ಮೆಣಸಿನಕಾಯಿ ಹುರಿದರೆ ನಮ್ಮ ಮನೆಯಲ್ಲಿ ಕೆಮ್ಮು ಬರುತ್ತದೆ. ಆದ್ದರಿಂದ ಕದ್ದು ಕೇಳಿದಳು ಎನ್ನಬೇಡಿ. ಆ ಮನೆಯ ಮಾತು ಕೇಳಬಾರದು ಎಂದರೆ ಕಿವಿಗೆ ಹತ್ತಿ ತುರುಕಿಕೊಳ್ಳಬೇಕು, ಮತ್ತು ಹತ್ತಿ ಏನು ಪುಕ್ಕಟೆ ಬರುತ್ತದೆಯೇ?

ಮನೆಯ ಯಜಮಾನರು ಕಾಸ್ದು ಮೇಸ್ತ್ರಿ. ಮನೆಯ ಮುಂಭಾಗದಲ್ಲೇ ಅವರ ಬೈಕ್ ರಿಪೇರಿ ಅಂಗಡಿ. ಮೂವತ್ತು ವರ್ಷದಿಂದ ನಮ್ಮ ಬೆಟ್ಟದ ಸಾಲಿನಲ್ಲಿ ಯಾರ ಬೈಕು ಕೆಮ್ಮಿದರೂ ಕಿವಿಗೊಟ್ಟು ಕೇಳಿ, ರೋಗ ಹೇಳುವವರು ಅವರು. ಹೆಂಡತಿ ತುಮಿನಾ ಅಡುಗೆಮನೆ, ಹಾಲು ಕರೆಯುವುದು, ಗಂಡನಿಗೂ ಮಗನಿಗೂ ಬೈಯುವುದು, ಮೂರನ್ನೂ ಚೆನ್ನಾಗಿ ಮಾಡುತ್ತಾಳೆ. ಸುಗೆಂಗ್ ಒಬ್ಬನೇ ಮಗ. ಸೊಸೆ ಸಿಯಾಮಿ, ಬಂದು ಹನ್ನೊಂದು ವರ್ಷವಾಯಿತು.

ನಾಲ್ಕು ಹಸು ಎಂದರೆ ದಿನಕ್ಕೆ ನಾಲ್ಕು ದೊಡ್ಡ ಹೊರೆ ಆನೆಹುಲ್ಲು. ಅದು ಬೆಳೆಯುವುದು ಮೇಲೆ, ಪೈನ್ ಮರಗಳ ಕೆಳಗಿನ ಇಳಿಜಾರಿನಲ್ಲಿ. ಹಿಂದಿನ ವರ್ಷ ಸುಗೆಂಗ್ ಹಳೆಯದೊಂದು ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನು ತಂದಿದ್ದ. ಬೆನ್ನಿಗೆ ಇಂಜಿನ್ ಹೊತ್ತು, ಉದ್ದನೆಯ ಕೋಲಿನ ತುದಿಯ ಬ್ಲೇಡು ಬೀಸಿದರೆ ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಈಗ ಅವನ ಎಡಗೈ ಬಟ್ಟೆಯ ಜೋಳಿಗೆಯಲ್ಲಿ ನೇತಾಡುತ್ತಿತ್ತು. ಮಷೀನು ಸಿಯಾಮಿಯ ಬೆನ್ನಿಗೆ ಬಂತು.

ಬಂದ ಎರಡನೇ ದಿನವೇ ಅದು ತಕರಾರು ಶುರು ಮಾಡಿತು.

"ಅಪ್ಪ, ರೇಸ್ ಕೊಟ್ರೆ ಮೇಲೇಳೋದೇ ಇಲ್ಲ. ಉಸಿರು ಕಟ್ಟಿದ ಹಂಗಾಗಿ ನಿಂತುಬಿಡುತ್ತೆ," ಎಂದಳು ಸಿಯಾಮಿ. ಮಾವನನ್ನು ಅವಳು ಅಪ್ಪ ಎಂದೇ ಕರೆಯುವುದು.

"ಪ್ಲಗ್ ಬಿಚ್ಚಿ ತಾ."

ತಂದಳು. ಕಾಸ್ದು ಅದನ್ನು ಬೆಳಕಿಗೆ ಹಿಡಿದರು. "ನೋಡು, ಸುಣ್ಣ ಬಳಿದ ಹಂಗೆ ಬೆಳ್ಳಗಿದೆ. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಪ್ಲಗ್ಗು ಇಟ್ಟಿಗೆ ಬಣ್ಣಕ್ಕೆ ಬರಬೇಕು. ಗಾಳಿ ಸ್ಕ್ರೂ ಒಂಚೂರು ಮುಚ್ಚಿದ್ರೆ ಎಲ್ಲ ಸರಿ."

ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಪಕ್ಕದಲ್ಲಿ ಪುಟ್ಟ ಸ್ಕ್ರೂಗಳು ಎರಡು. ಒಂದು ನಿಧಾನ ಓಡುವುದಕ್ಕೆ, ಇನ್ನೊಂದು ಜೋರಾಗಿ ಓಡುವುದಕ್ಕೆ. ನಮ್ಮ ಕಡೆ ಕಾರ್ಬುರೇಟರಿನ ಮೈಮೇಲೆ ಯಾವ ಸ್ಕ್ರೂ ಕಂಡರೂ ಅದಕ್ಕೆ ಗಾಳಿ ಸ್ಕ್ರೂ ಎಂದೇ ಹೆಸರು. ಹಳೆಯ ಬೈಕುಗಳಲ್ಲಿ ಅದು ಗಾಳಿಯದೇ. ಮುಚ್ಚಿದರೆ ಗಾಳಿ ಕಮ್ಮಿಯಾಗಿ ಪೆಟ್ರೋಲು ಹೆಚ್ಚಾಗುತ್ತದೆ. ಕಾಸ್ದು ಎರಡನ್ನೂ ಕಾಲು ಸುತ್ತು ಮುಚ್ಚಿ, ಹಗ್ಗ ಎಳೆದರು. ಮಷೀನು ಸಣ್ಣ ದನಿಯಲ್ಲಿ ಕಿರ್ರೋ ಎಂದು ಕಿರುಚಿತು.

"ಕೇಳಿದ್ಯಾ? ಹಾಡ್ತಿದೆ!"

ಆ ಹಾಡು ಇಳಿಜಾರಿನ ಮೇಲೆ ಅರ್ಧ ಗಂಟೆ ಹಾಡಿ ನಿಂತಿತು. ಆಮೇಲೆ ಹಗ್ಗ ಎಳೆದರೆ ಅಲುಗಾಡಲಿಲ್ಲ. ಪಿಸ್ಟನ್ನು ಒಳಗೇ ಕಚ್ಚಿಕೊಂಡಿತ್ತು. ಸಿಯಾಮಿ ಅದನ್ನು ಹೊತ್ತು ಕೆಳಗಿಳಿದು ಬಂದಾಗ ಅಂಗಡಿಯಲ್ಲಿ ಮಾವ ಕೇಳಿದ ಮೊದಲ ಮಾತು, "ಪೆಟ್ರೋಲಿಗೆ ಆಯಿಲ್ ಬೆರೆಸಿದ್ಯಾ ಇಲ್ವಾ?"

"ಬೆರೆಸಿದ್ದೆ ಅಪ್ಪ. ಅಳತೆ ಲೋಟದಲ್ಲಿ."

"ಲೋಟ ನೋಡಿದ್ರಾಯ್ತಾ? ಕಣ್ಣು ಲೋಟದ ಮೇಲಿತ್ತಾ, ಟೀವಿ ಮೇಲಿತ್ತಾ?"

ತುಮಿನಾ ಒಳಗಿನಿಂದಲೇ ಕೂಗಿದಳು. "ಟೀವಿ ಕೆಟ್ಟು ನಾಲ್ಕು ತಿಂಗಳಾಯ್ತು. ರಿಪೇರಿ ಮಾಡ್ತೀನಿ ಅಂದೋರು ನೀವೇ!"

ಕಾಸ್ದು ಬೈಕು ಹತ್ತಿದರು. ಪೇಟೆಗೆ ಹೋಗಿ ಹೊಸ ಪಿಸ್ಟನ್ನು, ಸಿಲಿಂಡರು ತಂದು ಎರಡು ದಿನ ಕೂತು ಜೋಡಿಸಿದರು. ಆ ಎರಡು ದಿನ ಸಿಯಾಮಿ ಕುಡುಗೋಲು ಹಿಡಿದಳು. ಬೆಳಗಿನ ಪ್ರಾರ್ಥನೆಯ ಕರೆ ಮುಗಿಯುವ ಮೊದಲೇ ಮೇಲೆ ಹತ್ತುವಳು. ಹತ್ತು ಗಂಟೆಗೆ ಒಂದು ಹೊರೆ, ಮಧ್ಯಾಹ್ನಕ್ಕೆ ಇನ್ನೊಂದು, ಸಂಜೆಗೆ ಮೂರನೆಯದು. ನಾಲ್ಕನೆಯದಕ್ಕೆ ಬೆಳಕೂ ಇರಲಿಲ್ಲ, ಸೊಂಟವೂ ಇರಲಿಲ್ಲ. ಮೆಕ್ಕೆಜೋಳದ ಅನ್ನದ ಮುಂದೆ ಕೂತರೆ ಬೆರಳು ಬಿಚ್ಚಲು ಬಾರದೆ ಚಮಚ ಹಿಡಿದು ತಿನ್ನುತ್ತಿದ್ದಳು.

"ನನ್ ಕೈ ಒಂದು ಸರಿ ಇದ್ದಿದ್ರೆ..." ಎಂದು ಸುಗೆಂಗ್ ಶುರು ಮಾಡಿದ.

"ಇದ್ದಿದ್ರೆ ಇದ್ದಿದ್ರೆ ಅಂತ ಹಾಡ್ಬೇಡ. ಇರೋ ಕೈಯಲ್ಲಿ ಸೊಪ್ಪು ಬಿಡಿಸು," ಎಂದು ತಾಯಿ ಅವನ ಮುಂದೆ ಬುಟ್ಟಿ ತಳ್ಳಿದಳು.

ಹೊಸ ಪಿಸ್ಟನ್ನಿನ ಮಷೀನು ಒಂದು ದಿನ ಓಡಿತು. ಎರಡನೇ ದಿನ ಅದೇ ಕೆಮ್ಮು. ಮತ್ತೆ ಪ್ಲಗ್ ಬಿಚ್ಚಿದರು, ಮತ್ತೆ ಬಿಳಿ. ಕಾಸ್ದು ಮತ್ತೆ ಕಾಲು ಸುತ್ತು ಮುಚ್ಚಿದರು. ಮರುದಿನ ಪ್ಲಗ್ಗು ಇನ್ನೂ ಬಿಳಿಯಾಗಿತ್ತು. ಇನ್ನೂ ಕಾಲು. ರೋಗ ಸರಿಯಾಗಿಯೇ ಹೇಳುತ್ತಿದ್ದರು ಪುಣ್ಯಾತ್ಮರು, ಔಷಧಿಯೂ ತಾವೇ ಕೊಡುತ್ತಿದ್ದರು, ರೋಗಿ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು.

ಹಸುಗಳೂ ಸೊರಗಿದವು. ಹಾಲಿನ ಕ್ಯಾನು ಮುಕ್ಕಾಲಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಊಟದ ಮಧ್ಯೆ ಕಾಸ್ದು ಸೋಯಾಕಾಳಿನ ತೆಂಪೆಯ ತುಂಡು ಸಾಂಬಲಿಗೆ ಅದ್ದುತ್ತಾ ಹೇಳಿದರು. "ಮೂರು ಹಸುವಿಗೆ ಆಗೋಷ್ಟು ಹುಲ್ಲು ಬರ್ತಿದೆ. ನಾಲ್ಕು ಇಟ್ಕೊಂಡು ನಾಲ್ಕನ್ನೂ ಉಪವಾಸ ಹಾಕೋದು ಪಾಪ. ಮೆಲಾತೀನ ಮಾರೋಣ. ದಲ್ಲಾಳಿ ಮಿಸ್ಬಾಗೆ ಹೇಳಿದೀನಿ."

ಸಿಯಾಮಿ ತಟ್ಟೆ ಕೆಳಗಿಟ್ಟಳು.

ಮೆಲಾತಿ ಆರು ತಿಂಗಳ ಗಬ್ಬದ ಕಡಸು. ಹುಟ್ಟಿದ ವಾರಕ್ಕೆ ತಾಯಿ ಸತ್ತು, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದನ್ನು ಸಿಯಾಮಿ ಬಾಟಲಿ ಹಾಲು ಕುಡಿಸಿ ಎಬ್ಬಿಸಿದಳು. ಆಗ ಕಾಸ್ದುವೇ ಎಲ್ಲರೆದುರು ಹೇಳಿದ್ದರು, ಬದುಕಿದರೆ ಅದು ನಿನ್ನದು ಎಂದು. ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ ಅವಳದು ಎನ್ನುವ ವಸ್ತು ಅದೊಂದೇ. ಉಳಿದ ಹಸು ಮಾವನವು, ಪಾತ್ರೆ ಅತ್ತೆಯವು, ಬೈಕು ಗಂಡನದು.

"ಅಪ್ಪ, ಅದು ನನ್ನ ಕಡಸು ಅಂದಿದ್ರಿ."

"ಅಂದಿದ್ದೆ. ಹೊಟ್ಟೆಗೆ ಹಾಕೋಕಾಗ್ದೆ ಇದ್ರೆ ನಂದೇನು ನಿಂದೇನು? ನಾಳಿನ ಪೋನ್ ಸಂತೆ ಬೇಡ, ಅದು ಬಿಟ್ಟು ಮುಂದಿಂದಕ್ಕೆ. ಹಿಂದಿನ ದಿನ ಗಾಡಿ ಬರುತ್ತೆ."

ನಮ್ಮ ಹಳೆಯ ಲೆಕ್ಕದ ಐದು ದಿನದ ವಾರದಲ್ಲಿ ಪೋನ್ ಒಂದು ದಿನ; ಆವತ್ತು ಕೂಡುವ ದನದ ಸಂತೆ ಐದು ದಿನಕ್ಕೊಮ್ಮೆ. ಬೆರಳು ಮಡಚಿ ಎಣಿಸಿದರೆ ಗಾಡಿ ಬರಲು ಉಳಿದದ್ದು ಐದೇ ದಿನ.

"ಮಷೀನು ಸರಿಯಾದ್ರೆ ನಾಲ್ಕಕ್ಕೂ ತರ್ತೀನಿ."

"ಸರಿ ಮಾಡ್ತಾನೇ ಇದೀನಲ್ಲ?"

"ಮಾಡ್ತಾನೇ ಇದೀರ," ಎಂದಳು ಸಿಯಾಮಿ. ಆ ದನಿ ನನಗೆ ತಟ್ಟಿಯ ಈಚೆಗೂ ಚುಚ್ಚಿತು.

ಆ ಸಂಜೆ ಹಾಲು ಕೊಟ್ಟು ಬಂದವಳೇ ಅವಳು ಕೊಟ್ಟಿಗೆಯ ಮುಂದೆ ಮಷೀನು ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಎರಡೂ ಸ್ಕ್ರೂ ಬಿಗಿಯಾಗುವವರೆಗೆ, ಹಗುರಾಗಿ, ಪೂರ್ತಿ ಮುಚ್ಚಿಬಿಟ್ಟಳು. ಹಗ್ಗ ಎಳೆದಳು. ಹತ್ತು ಸಲ, ಇಪ್ಪತ್ತು ಸಲ. ಇಂಜಿನ್ ಹೊತ್ತಿಕೊಳ್ಳಲಿಲ್ಲ. ಪ್ಲಗ್ ಬಿಚ್ಚಿ ಮೂಗಿಗೆ ಹಿಡಿದಳು. ಸೆರಗಿನ ತುದಿಯಿಂದ ಒರೆಸಿ ನೋಡಿದಳು. ತಟ್ಟಿಯ ಸಂದಿಯಿಂದ ನಾನು ಕೇಳಿದೆ, "ಏನೇ ಮಾಡ್ತಿದೀಯ?"

"ಅಕ್ಕ, ಗಾಳಿ ಪೂರ್ತಿ ಮುಚ್ಚಿದ್ರೆ ಒಳಗೆ ಬರೀ ಪೆಟ್ರೋಲು ತುಂಬಬೇಕು ತಾನೆ? ಪ್ಲಗ್ಗು ತೊಯ್ದು ತೊಪ್ಪೆ ಆಗ್ಬೇಕು ತಾನೆ?"

"ಹೂಂ, ಇರಬೇಕು."

"ಬಟಾಬಟ ಒಣಗಿದೆ. ನಾನು ಮುಚ್ಚಿದ್ದು ಗಾಳೀನಲ್ಲ ಅಕ್ಕ. ಪೆಟ್ರೋಲನ್ನ."

ನನಗೆ ಇಂಜಿನ್ ತಿಳಿಯುವುದಿಲ್ಲ. ಆದರೆ ನಲ್ಲಿ ಮುಚ್ಚಿದರೆ ಕೊಡ ಒಣಗುತ್ತದೆ ಎನ್ನುವುದು ತಿಳಿಯುತ್ತದೆ. ಈ ಮಷೀನಿನಲ್ಲಿ ಆ ಸ್ಕ್ರೂ ಪೆಟ್ರೋಲಿನ ದಾರಿಗೇ ಇಟ್ಟದ್ದು. ಮೇಸ್ತ್ರಿ ಪ್ರತಿ ಸಲ ಪೆಟ್ರೋಲು ಹೆಚ್ಚಿಸುತ್ತೇನೆಂದು ಪೆಟ್ರೋಲಿನ ಕತ್ತನ್ನೇ ಹಿಚುಕಿದ್ದರು.

"ನಾಳೆ ನಿಧಾನವಾಗಿ ಹೇಳು. ಅವರೊಬ್ಬರೇ ಇದ್ದಾಗ," ಎಂದೆ.

ಅಷ್ಟು ತಾಳ್ಮೆ ಅವಳಿಗಿರಲಿಲ್ಲ. ಪ್ಲಗ್ಗನ್ನು ಅಂಗೈಯಲ್ಲಿ ಹಿಡಿದು ನೇರ ಅಂಗಡಿಗೇ ಹೋದಳು. ಅಲ್ಲಿ ಗಿರಾಕಿಯೊಬ್ಬ ಬೈಕಿನ ಚೈನ್ ಹಾಕಿಸಿಕೊಳ್ಳುತ್ತಾ ಕೂತಿದ್ದ. ನಮ್ಮಲ್ಲಿ ಸೊಸೆ ಮಾವನ ಜೊತೆ ಆಡುವ ಮಾತೇ ಬೇರೆ. ತಲೆ ತಗ್ಗಿಸಿ, ಪ್ರತಿ ಮಾತಿಗೂ ಮರ್ಯಾದೆ ಹಚ್ಚಿ ಆಡಬೇಕು. ಆ ಮಾತಿನಲ್ಲಿ ಬೇಡಬಹುದು, ಒಪ್ಪಬಹುದು, ತಪ್ಪು ಎನ್ನುವುದಕ್ಕೆ ಪದ ಸಿಗುವುದು ಕಷ್ಟ. ಸಿಯಾಮಿ ಪ್ರಯತ್ನವೇನೋ ಪಟ್ಟಳು.

"ಅಪ್ಪ, ತಾವು ಬೇಜಾರು ಮಾಡ್ಕೋಬಾರ್ದು. ತಾವು ಗಾಳಿ ಸ್ಕ್ರೂ ಅನ್ನೋದು, ಅದು ಬಹುಶಃ ಗಾಳೀದಲ್ವೇನೋ ಅಂತ..."

ಕಾಸ್ದು ಚೈನಿನಿಂದ ತಲೆ ಎತ್ತಲಿಲ್ಲ. "ನಾನು ಸ್ಕ್ರೂ ಡ್ರೈವರ್ ಹಿಡಿದಾಗ ನೀನು ಹುಟ್ಟಿರಲಿಲ್ಲ. ಹೋಗಿ ಹಾಲಿನ ಕ್ಯಾನು ತೊಳಿ."

"ತಾವು ಒಂದ್ಸಲ ಪ್ಲಗ್ ನೋಡಿ ಅಪ್ಪ."

"ನೋಡಿ ಏನ್ ಮಾಡ್ಲಿ? ಗಾಳಿ ಸ್ಕ್ರೂ ಗಾಳೀದಲ್ದೆ ಹಾಲಿಂದಾ?" ಎಂದು ಗಿರಾಕಿಯ ಕಡೆ ನೋಡಿ ನಕ್ಕರು. ಗಿರಾಕಿಯೂ ನಕ್ಕ.

ಆ ನಗೆ ಕೆಲಸ ಕೆಡಿಸಿತು.

"ನೀನು ಗಾಳಿ ಅಂದ್ಬಿಟ್ರೆ ಅದು ಗಾಳಿ ಆಗ್ಬಿಡುತ್ತಾ? ಕಣ್ಣಿದ್ರೆ ನೋಡು! ಒಂದು ಪಿಸ್ಟನ್ ಸುಟ್ಟೆ, ಈಗ ನನ್ನ ಹಸು ಮಾರ್ತೀಯ!"

ನೀನು. ಮಾವನಿಗೆ. ಗಿರಾಕಿಯ ಎದುರು. ನನ್ನ ಕೈಯಲ್ಲಿದ್ದ ಪೊರಕೆ ಅಲ್ಲೇ ನಿಂತಿತು. ಗಿರಾಕಿ ತನ್ನ ಚಪ್ಪಲಿಯನ್ನೇ ನೋಡತೊಡಗಿದ. ಕಾಸ್ದು ಎದ್ದು, ಕೈ ಒರೆಸಿಕೊಂಡು ಒಳಗೆ ಹೋದರು.

ರಾತ್ರಿ ಊಟಕ್ಕೆ ಮೊದಲು ಸಿಯಾಮಿ ಮಾವನ ಮುಂದೆ ಮಂಡಿಯೂರಿ ಕೂತಳು. "ನೀನು ಅಂದಿದ್ದು ತಪ್ಪು. ಆ ಮಾತಿಗೆ ಕಾಲು ಹಿಡ್ಕೋತೀನಿ ಅಪ್ಪ." ಹಿಡಿದಳು. "ಸ್ಕ್ರೂ ವಿಷಯಕ್ಕೆ ಹಿಡಿಯಲ್ಲ."

ಕಾಸ್ದು ಕಾಲು ಎಳೆದುಕೊಳ್ಳಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ಮಾವ ಸೊಸೆಯ ನಡುವೆ ಮಾತು ತುಮಿನಾಳ ಮೂಲಕ ಹಾಯತೊಡಗಿತು. ಮೂವರೂ ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದರು.

"ಉಪ್ಪುಮೀನು ಬೇಕಾ ಅಂತ ಅಪ್ಪನ್ನ ಕೇಳಿ ಅಮ್ಮ."

"ಬೇಡ ಅಂತ ಹೇಳು."

"ಮಷೀನು ಇವತ್ತು ನಾನೇ ಬಿಚ್ತೀನಿ ಅಂತ ಹೇಳಿ."

"ಕೆಡಿಸೋಕೆ ಇನ್ನೇನೂ ಉಳಿದಿಲ್ಲ ಅಂತ ಹೇಳು."

ತುಮಿನಾ ಚಮಚ ಬಿಸಾಕಿದಳು. "ನಾನೇನು ಅಂಚೆಯವಳಾ? ಇಬ್ಬರೂ ಮೂತಿ ಎದುರುಬದುರು ಇಟ್ಕೊಂಡು ಕೂತಿದೀರ! ನಾಳೆಯಿಂದ ಮಾತಿಗೊಂದು ಸ್ಟಾಂಪ್ ಹಚ್ಚಿ ಕೊಡಿ."

ಸುಗೆಂಗ್ ಹೆಂಡತಿಯ ಹಿಂದೆ ಕೊಟ್ಟಿಗೆಗೆ ಬಂದ. "ನಂಗೂ ಅನ್ನಿಸಿತ್ತು ಕಣೆ. ಅಪ್ಪ ಮುಚ್ಚಿದಾಗೆಲ್ಲ ಅದು ಬಿಸಿಯಾಗ್ತಿತ್ತು. ಆದ್ರೆ ಅಪ್ಪನಿಗೆ ಹೇಳೋರ್ಯಾರು?"

"ನಾನು ಹೇಳ್ದೆ ಮಾಸ್," ಎಂದಳು ಸಿಯಾಮಿ. ಗಂಡನನ್ನು ಅವಳು ಮಾಸ್ ಎಂದೇ ಕರೆಯುವುದು. "ಆಕಾಶ ಕಳಚಿ ಬಿತ್ತಾ?"

"ಮನೆ ಅರ್ಧ ಬಿತ್ತಲ್ಲ."

"ಇನ್ನರ್ಧ ಇದೆಯಲ್ಲ. ಈ ಕಡೆಯಿಂದ ಹಿಡ್ಕೊಳ್ಳಿ."

ಅವನು ಒಳ್ಳೆಯ ಕೈಯಿಂದ ಇಂಜಿನ್ ಹಿಡಿದ. ಅವಳು ಕಾರ್ಬುರೇಟರ್ ಬಿಚ್ಚಿ, ಒರೆಸಿ, ಊದಿ, ಮತ್ತೆ ಕೂರಿಸಿದಳು. ಸ್ಕ್ರೂಗಳನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಒಂದೊಂದೇ ಸುತ್ತು ಬಿಚ್ಚಿ ನೋಡಿದಳು. ಇಂಜಿನ್ ಈಗ ಹೊತ್ತಿಕೊಂಡಿತು. ಆದರೆ ಹೊತ್ತಿಕೊಂಡದ್ದು ಓಡಬೇಕಲ್ಲ? ಒಮ್ಮೆ ಹೊಗೆ ಕಾರುವುದು, ಒಮ್ಮೆ ತೇಗುವುದು, ಹುಲ್ಲು ಸಿಕ್ಕರೆ ಸಾಯುವುದು. ಯಾವ ಕಡೆ ತಿರುಗಿಸಬೇಕು ಎನ್ನುವುದು ಅವಳಿಗೆ ಗೊತ್ತಾಗಿತ್ತು. ಎಲ್ಲಿ ನಿಲ್ಲಿಸಬೇಕು ಎನ್ನುವುದು ಗೊತ್ತಿರಲಿಲ್ಲ. ಅದಕ್ಕೆ ಕಿವಿ ಬೇಕು, ಅಂಥ ಕಿವಿ ನಮ್ಮೂರಲ್ಲಿ ಇದ್ದದ್ದು ಒಬ್ಬರಿಗೇ.

ಮೂರು ದಿನ ಹೀಗೇ ಹೋಯಿತು. ಬೆಳಗಿನಿಂದ ಕುಡುಗೋಲು, ಸಂಜೆಯ ಬೆಳಕು ಇರುವತನಕ ಸ್ಕ್ರೂ ಡ್ರೈವರ್. ಅಂಗೈಯ ಬೊಕ್ಕೆ ಒಡೆದು, ಅದರ ಮೇಲೆ ಬಟ್ಟೆ ಸುತ್ತಿ, ಆ ಬಟ್ಟೆಯೂ ಹರಿದಿತ್ತು. "ಬಿಟ್ಟುಬಿಡೇ. ಕಡಸು ಮತ್ತೆ ಹುಟ್ಟುತ್ತೆ, ಕೈ ಹುಟ್ಟಲ್ಲ," ಎಂದೆ. "ಗಾಡಿ ಬರೋವರೆಗೂ ಬಿಡಲ್ಲ ಅಕ್ಕ," ಎಂದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಗಾಡಿ ಬರುವ ದಿನ ಬಂತು. ಬೆಳಿಗ್ಗೆ ಏಳು ಗಂಟೆಗೆ ಸಿಯಾಮಿ ಅಂಗಳದ ಮಧ್ಯೆ ಮಷೀನು ಶುರು ಮಾಡಿದಳು. ಅಂಗಳವೆಲ್ಲ ನೀಲಿ ಹೊಗೆ. ಗೊರ್ ಗೊರ್ ಗೊಟಕ್, ಗೊರ್ ಗೊರ್ ಗೊಟಕ್. ಎದುರಿನ ಅಂಗಡಿಯಲ್ಲಿ ಕಾಸ್ದು ಬೆನ್ನು ತಿರುಗಿಸಿ ಯಾರದೋ ಬೈಕಿನ ಬ್ರೇಕ್ ಬಿಚ್ಚುತ್ತಿದ್ದರು. ಬಿಚ್ಚುತ್ತಿದ್ದರು ಎನ್ನುವುದು ಮಾತಿಗೆ. ಪಾನಾ ಬೋಲ್ಟಿನ ಮೇಲೆ ಸುಮ್ಮನೆ ಕೂತಿತ್ತು. ಲವಂಗದ ಸಿಗರೇಟು ಬೆರಳಲ್ಲೇ ಉರಿದು ಬೂದಿಯಾಗುತ್ತಿತ್ತು.

"ಎಂಥ ದನಿ ಅದು! ಗಂಟಲಲ್ಲಿ ಮುಳ್ಳು ಸಿಕ್ಕಿದ ಕೋಣ," ಎಂದರು ಹೆಂಡತಿಗೆ.

"ನಂಗ್ಯಾಕೆ ಹೇಳ್ತೀರ? ಅಂಚೆ ಕಚೇರಿ ಮುಚ್ಚಿದೆ," ಎಂದಳು ತುಮಿನಾ.

ಸಿಯಾಮಿ ಇನ್ನೊಂದು ಚೂರು ತಿರುಗಿಸಿದಳು. ದನಿ ಇನ್ನೂ ಕೆಟ್ಟಿತು. ಕಾಸ್ದು ಪಾನಾ ಎತ್ತಿದರು, ಇಟ್ಟರು. ಕುತ್ತಿಗೆ ಉಜ್ಜಿಕೊಂಡರು. ತಾಳ ತಪ್ಪಿದ ಗಮೆಲಾನ್ ವಾದ್ಯಮೇಳ ಕೇಳುತ್ತಾ ಕೂರಬೇಕಾದ ವಾದ್ಯಗಾರನ ಪಾಡು ಅವರದಾಗಿತ್ತು. ಕೊನೆಗೆ ಬೆನ್ನು ತಿರುಗಿಸದೆಯೇ ಕೂಗಿದರು.

"ಅತಿ ಆಯ್ತು! ಪೆಟ್ರೋಲು ಕಾಲು ಸುತ್ತು ಮುಚ್ಚು!"

ಪೆಟ್ರೋಲು ಎಂದರು. ಗಾಳಿ ಎನ್ನಲಿಲ್ಲ. ನಾನು ತಟ್ಟಿಗೆ ಕೆನ್ನೆ ಒತ್ತಿಕೊಂಡೆ.

ಸಿಯಾಮಿ ತಲೆ ಎತ್ತಲಿಲ್ಲ. ಮುಚ್ಚಿದಳು.

"ಇನ್ನೊಂಚೂರು. ಅಷ್ಟಲ್ಲ, ಅದರರ್ಧ. ಹಾಂ. ಈಗ ಪೂರ್ತಿ ರೇಸ್ ಕೊಡು. ಹಿಡ್ಕೋ, ಬಿಡಬೇಡ."

ಇಂಜಿನ್ ಕೂಗಿತು, ಈ ಸಲ ತುಂಬಿದ ದನಿ. ಅದರ ಅಡಿಯಲ್ಲಿ ಸಣ್ಣದೊಂದು ಗೊರಗೊರ ಉಳಿದಿತ್ತು. ಸಿಯಾಮಿ ಅದನ್ನೂ ತೆಗೆಯಲು ಸ್ಕ್ರೂ ಡ್ರೈವರ್ ಹಾಕಿದಳು.

"ಮುಟ್ಟಬೇಡ!" ಕಾಸ್ದು ಈಗ ಅಂಗಳದ ಅಂಚಿನಲ್ಲಿ ನಿಂತಿದ್ದರು. ಯಾವಾಗ ಎದ್ದು ಬಂದರೋ ಅವರಿಗೇ ಗೊತ್ತಿರಲಿಕ್ಕಿಲ್ಲ. "ಆ ಗೊರಗೊರ ಇರ್ಬೇಕು. ಬ್ಲೇಡಿಗೆ ಹುಲ್ಲು ಸಿಕ್ಕಿದಾಗ ಅದು ಹೋಗ್ಬೇಕು. ಇಲ್ಲೇ ತೆಗೆದ್ರೆ ಮೇಲೆ ಸುಟ್ಟುಹೋಗುತ್ತೆ. ಅವತ್ತು ಸುಟ್ಟಿದ್ದೂ ಹಂಗೇ."

"ಸರಿ ಅಪ್ಪ," ಎಂದಳು ಸಿಯಾಮಿ. ಐದು ದಿನದಲ್ಲಿ ಅವಳು ಮಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಕಾಸ್ದು ಸ್ಕ್ರೂ ಡ್ರೈವರಿಗೆ ಕೈ ಚಾಚಲಿಲ್ಲ. ಅವಳೂ ಕೊಡಲಿಲ್ಲ. ಮಷೀನು ಬೆನ್ನಿಗೇರಿಸಿ, ಪೆಟ್ರೋಲಿನ ಡಬ್ಬಿ ಹಿಡಿದು ಹತ್ತಿಬಿಟ್ಟಳು. ಹಿಂದೆ ಸುಗೆಂಗ್, ಮುರಿಯದ ಹೆಗಲ ಮೇಲೆ ಹಗ್ಗದ ಸುರುಳಿ.

ಅವತ್ತು ಬೆಳಗಿಡೀ ಇಳಿಜಾರಿನ ಮೇಲಿನಿಂದ ಆ ಸದ್ದು ಇಳಿದು ಬಂತು. ಖಾಲಿಯಿದ್ದಾಗ ಗೊರಗೊರ, ಹುಲ್ಲಿಗೆ ಬಿದ್ದಾಗ ನಯವಾಗಿ ಒಂದೇ ದನಿ. ಕಾಸ್ದು ಅಂಗಡಿಯ ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತಿದ್ದರು. ಸದ್ದು ನಿಂತರೆ ಕತ್ತು ಉದ್ದವಾಗುವುದು, ಶುರುವಾದರೆ ಗಿಡ್ಡವಾಗುವುದು. ಹನ್ನೊಂದು ಗಂಟೆಗೆ ಎರಡು ಹೊರೆ ಇಳಿದವು. ಮಧ್ಯಾಹ್ನದ ಪ್ರಾರ್ಥನೆಗೆ ಮೊದಲು ಇನ್ನೆರಡು. ಆಮೇಲೆ ಐದನೆಯದು ಬಂತು, ಯಾರೂ ಕೇಳದಿದ್ದದ್ದು. ಸಿಯಾಮಿ ಅದನ್ನು ಮನೆಯ ಮುಂದೆಯೇ, ದಾರಿಗೆ ಅಡ್ಡವಾಗಿ, ಧೊಪ್ಪನೆ ಹಾಕಿದಳು.

ಮಿಸ್ಬಾನ ಗಾಡಿ ಅದರ ಮುಂದೆ ಬಂದು ನಿಂತಿತು. ಹಗ್ಗ ಹಿಡಿದು ಇಳಿದ. "ಮೇಸ್ತ್ರಿ, ಕಡಸು ಬಿಚ್ಚಿ. ಕತ್ತಲಾಗೋದರೊಳಗೆ ಸಂತೆ ಮಾಳ ಸೇರ್ಬೇಕು."

ಸಿಯಾಮಿ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಬೆವರಿಗೆ ಅಂಟಿದ ಹುಲ್ಲಿನ ಚೂರುಗಳಿಂದ ಅವಳ ಮುಖವೆಲ್ಲ ಹಸಿರಾಗಿತ್ತು. ಎಲ್ಲರೂ ಕಾಸ್ದುವನ್ನು ನೋಡಿದೆವು.

"ಕೊಡಲ್ಲ," ಎಂದರು ಕಾಸ್ದು.

"ಅಂದ್ರೆ? ಮಾತಾಗಿತ್ತಲ್ಲ ಮೇಸ್ತ್ರಿ. ಮೂವತ್ತು ವರ್ಷದಿಂದ ನಿಮ್ಮ ಮಾತನ್ನ ನಂಬಿರೋನು ನಾನು."

"ಇನ್ಮೇಲೆ ವಿಚಾರಿಸಿ ನಂಬು." ಕಾಸ್ದು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಿದ್ದರು. ಕೈ ಸ್ವಚ್ಛವಾದ ಮೇಲೂ ಒರೆಸುತ್ತಿದ್ದರು. "ಮೂವತ್ತು ವರ್ಷ ಮಾಡಿದೋನೂ ಉಲ್ಟಾ ತಿರುಗಿಸ್ತಾನೆ. ನಾನು ತಿರುಗಿಸ್ದೆ. ಒಂದ್ಸಲ ಅಲ್ಲ, ಮೂರು ಸಲ. ನೋಡು ಅಂತ ತೋರಿಸಿದ್ರೂ ನೋಡಲಿಲ್ಲ, ಜನದ ಮುಂದೆ ನಕ್ಕೆ. ತಪ್ಪು ನಂದು."

ಮಿಸ್ಬಾಗೆ ತಲೆಬುಡ ತಿಳಿಯಲಿಲ್ಲ. "ಏನು ತಿರುಗಿಸಿದ್ರಿ? ಯಾರು ತೋರಿಸಿದ್ರು?"

ಕಾಸ್ದು ಹೇಳಲಿಲ್ಲ. ಅವರು ಅದನ್ನು ಹೇಳಿದ್ದು ಮಿಸ್ಬಾಗಲ್ಲವಲ್ಲ. ಸೊಸೆಯ ಮುಖ ನೋಡಿ ಆಡಲಾಗದ ಮಾತನ್ನು ದಲ್ಲಾಳಿಯ ಮುಖ ನೋಡಿ ಆಡಿ ಮುಗಿಸಿದ್ದರು. ನಮ್ಮ ಹಿರಿಯರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಇಷ್ಟೂ ಎಷ್ಟು ಜನರಿಂದ ಬರುತ್ತದೆ?

"ಕಡಸು ಅವಳದು," ಎಂದರು ಕೊನೆಗೆ. "ಬೇಕಿದ್ರೆ ಅವಳನ್ನ ಕೇಳು."

ಮಿಸ್ಬಾ ಸಿಯಾಮಿಯ ಕಡೆ ತಿರುಗಿದ.

"ಮಾರಲ್ಲ ಅಣ್ಣ," ಎಂದಳು. "ಇಷ್ಟು ದೂರ ಬಂದಿದೀರ, ಕಾಫಿ ಕುಡ್ಕೊಂಡು ಹೋಗಿ."

ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ಸಕ್ಕರೆ ಡಬ್ಬಿ ತೆಗೆದಳು. ಆಮೇಲೆ ಡಬ್ಬಿ ಹಿಡಿದಂತೆಯೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ತುಮಿನಾ ಓಡಿ ಬಂದಳು.

"ಅಯ್ಯೋ, ಏನಾಯ್ತೇ? ಕಡಸು ಉಳೀತಲ್ಲ! ಈಗ ಯಾಕೆ ಅಳ್ತೀಯ?"

"ಈಗಲೇ ಅಮ್ಮ," ಎಂದಳು ಸಿಯಾಮಿ, ಬಟ್ಟೆ ಸುತ್ತಿದ ಕೈಯಿಂದ ಮೂಗು ಒರೆಸಿಕೊಳ್ಳುತ್ತಾ. "ಇಷ್ಟು ದಿನ ಪುರುಸೊತ್ತಿರಲಿಲ್ಲ."